ಬಾಯಿ ಬಿಡದ ಮಾಲಕರು

ನಮ್ಮ ಕಾಪುವಿನಲ್ಲಿ ಯಾರಾದರೂ ವಿದೇಶಕ್ಕೆ ಹೋಗುವ ಸುದ್ದಿ ಊರಿಗೆ ತಿಳಿಯುವುದು ವೀಸಾ ಕೈಗೆ ಬಂದ ಮೇಲೆಯೇ. ಅದಕ್ಕೆ ಮೊದಲೇ ಹೇಳಿದರೆ ಆಗುವ ಕೆಲಸವೂ ಆಗುವುದಿಲ್ಲ ಎಂದು ಕೆಲವರು ನಂಬುತ್ತಾರೆ. ನಂಬದವರೂ ಸುಮ್ಮನೆ ಯಾಕೆ ಎಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ನಾನು ಎರಡನೆಯ ಗುಂಪಿನವಳು. ಅಮ್ಮ ಮೊದಲನೆಯ ಗುಂಪಿನ ಅಧ್ಯಕ್ಷೆ.

ನಾನಾಗ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನೀಷಿಯನ್. ಮಸ್ಕತ್‌ನ ಒಂದು ಆಸ್ಪತ್ರೆ ಕಂಪ್ಯೂಟರಿನಲ್ಲೇ ಸಂದರ್ಶನ ಮಾಡಿ ನನ್ನನ್ನು ಆರಿಸಿತು. ವೀಸಾ ಮಾಡಿಸುವವರು ಅವರೇ, ಟಿಕೆಟ್ ಕೂಡ ಅವರದೇ. ಏಜೆಂಟ್ ಇಲ್ಲ, ಮಾವಂದಿರ ಶಿಫಾರಸು ಇಲ್ಲ. ಅರ್ಜಿಯ ಮೇಲೆ ಅರ್ಜಿ ಹಾಕಿ ನಾನೇ ಹುಡುಕಿಕೊಂಡ ಕೆಲಸ. ಆ ಬಗ್ಗೆ ಸ್ವಲ್ಪ ಜಂಬವೇ ಇತ್ತು, ಆದರೆ ಜಂಬ ಕೊಚ್ಚಿಕೊಳ್ಳಲು ಯಾರಿಗೂ ಹೇಳುವಂತಿರಲಿಲ್ಲ. ಉಡುಪಿಯ ಹೋಟೆಲಿನಲ್ಲಿ ದಿನವಿಡೀ ಗಿರಾಕಿಗಳ ಜೊತೆ ಮಾತಾಡುವ ಅಪ್ಪನಿಗೇ ಅಮ್ಮ ಹತ್ತು ದಿನ ತಡವಾಗಿ ತಿಳಿಸಿದಳು. ವೀಸಾದ ಮೆಡಿಕಲ್ ತಪಾಸಣೆ ಮಾಡಿಸಲು ಮಂಗಳೂರಿಗೆ ಹೋದ ದಿನ, ಪಕ್ಕದ ಮನೆಯವರ ಹತ್ತಿರ ಸೀರೆ ತರಲಿಕ್ಕೆ ಹೋಗುವುದು ಎಂದಳು. ಸುಳ್ಳಾಗಬಾರದೆಂದು ಬರುವಾಗ ನಿಜವಾಗಿಯೂ ಒಂದು ಸೀರೆ ಕೊಂಡಳು.

ಮಣಿಪಾಲಕ್ಕೆ ಬರುವ ಮೊದಲು ಎರಡು ವರ್ಷ ನಾನು ಕಾರ್ಕಳದ ಸಣ್ಣ ಲ್ಯಾಬೊಂದರಲ್ಲಿದ್ದೆ. ಅನುಭವ ಪತ್ರ ಬೇಕಿದ್ದರಿಂದ ಅಲ್ಲಿನ ಮಾಲಕರಿಗೆ ಮಾತ್ರ ವಿಷಯ ಹೇಳಲೇಬೇಕಾಯಿತು. ಜೊತೆಗೆ ಬಂದಿದ್ದ ಅಮ್ಮ ಪತ್ರ ಕೈಗೆ ಸಿಕ್ಕಿದ ಕೂಡಲೇ, "ಯಾರು ಕೇಳಿದರೂ ಹೇಳಬೇಡಿ, ಆಯ್ತಾ?" ಎಂದಳು.

"ನನ್ನ ಬಾಯಿಂದ ಹೋಗುವುದಿಲ್ಲ ಅಕ್ಕ," ಎಂದರು ಅವರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಅದೇ ಮುಂದೆ ತೊಂದರೆಯಾಯಿತು.

ಮೂರು ವಾರ ಕಳೆದು ಮಸ್ಕತ್‌ನಿಂದ ಮೇಲ್ ಬಂತು. ನನ್ನ ದಾಖಲೆಗಳನ್ನು ಪರಿಶೀಲಿಸಲು ಆಸ್ಪತ್ರೆಯವರು ಬೆಂಗಳೂರಿನ ಕಂಪನಿಯೊಂದಕ್ಕೆ ವಹಿಸಿದ್ದರು. ಕಾರ್ಕಳದ ಲ್ಯಾಬಿನವರು ನೀವು ಯಾರೆಂದೇ ಗೊತ್ತಿಲ್ಲ ಎಂದಿದ್ದಾರೆ, ಪತ್ರ ನಕಲಿ ಇರಬಹುದು, ಐದು ದಿನದೊಳಗೆ ಸರಿಪಡಿಸದಿದ್ದರೆ ಕೆಲಸ ರದ್ದು ಎಂದು ಅದರಲ್ಲಿತ್ತು. ನಕಲಿಯಂತೆ! ಎರಡು ವರ್ಷ ಬೆಳಿಗ್ಗೆ ಏಳಕ್ಕೆ ಆ ಲ್ಯಾಬಿನ ಶಟರ್ ಎತ್ತಿದವಳು ನಾನು.

ಮರುದಿನ ಅಮ್ಮನೂ ನಾನೂ ಪಡುಬಿದ್ರಿಯಲ್ಲಿ ಬಸ್ ಬದಲಿಸಿ ಕಾರ್ಕಳಕ್ಕೆ ಹೊರಟೆವು. ದಾರಿಯುದ್ದಕ್ಕೂ ಅಮ್ಮ ಒಂದು ಮಾತೂ ಆಡಲಿಲ್ಲ. ಒಬ್ಬಳೇ ಮಗಳು ಇಲ್ಲೇ ಉಳಿಯುತ್ತಾಳಲ್ಲ ಎಂದು ಒಳಗೊಳಗೇ ಅವಳಿಗೆ ಸಮಾಧಾನವೇ ಆಗಿರಬೇಕು ಎಂದುಕೊಂಡೆ. ನನಗೆ ಸಿಟ್ಟು ಬಂತು.

ಮಾಲಕರು ಗೆದ್ದವರ ಹಾಗೆ ನಗುತ್ತಾ ಎದುರುಗೊಂಡರು. "ಯಾರೋ ಒಬ್ಬಳು ಫೋನ್ ಮಾಡಿದ್ದಳು ಮಾರಾಯ್ತಿ. ನಿನ್ನ ಹೆಸರು ಹೇಳಿ, ಮಸ್ಕತ್‌ಗೆ ಹೋಗುವವಳು ನಿಮ್ಮಲ್ಲಿ ಇದ್ದಳಾ ಅಂತ ಕೇಳಿದಳು. ನಿಮ್ಮ ನೆಂಟರು ಯಾರೋ ಉಪಾಯದಲ್ಲಿ ಬಾಯಿ ಬಿಡಿಸುವುದು ಅಂತ ನನಗೆ ಗೊತ್ತಾಗುವುದಿಲ್ವಾ? ಅಂಥವಳು ಯಾರೂ ಇಲ್ಲ ಅಂತ ಫೋನ್ ಇಟ್ಟುಬಿಟ್ಟೆ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೇಲ್ ತೋರಿಸಿದೆ. ಓದಿ ಮುಗಿಸುವಷ್ಟರಲ್ಲಿ ಅವರ ಮುಖ ಸಣ್ಣದಾಯಿತು. "ಛೆ, ಎಂತ ಮಾಡಿಬಿಟ್ಟೆ ನಾನು!" ಎಂದು ಹಳೆಯ ಹಾಜರಿ ಪುಸ್ತಕಗಳನ್ನು ಹುಡುಕಿ ತಂದರು, ಮೇಲ್‌ನಲ್ಲಿದ್ದ ಬೆಂಗಳೂರಿನ ಕಂಪನಿಯ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

ಆ ಕಡೆಯ ಹೆಂಗಸು ಒಪ್ಪಲಿಲ್ಲ. "ಮೊನ್ನೆ ಗೊತ್ತಿಲ್ಲ ಅಂದ್ರಿ, ಇವತ್ತು ಗೊತ್ತು ಅಂತೀರಿ. ನಾವು ಹೇಗೆ ನಂಬೋದು ಸರ್? ಅವತ್ತು ಯಾಕೆ ಹಾಗಂದ್ರಿ?"

ಮಾಲಕರು ಅಮ್ಮನ ಮುಖ ನೋಡಿದರು. ಆಗಲೂ ಅವಳ ಹೆಸರೆತ್ತಲು ಅವರಿಗೆ ಮನಸ್ಸಿಲ್ಲ. "ಅದು... ಹಾಗೇ..." ಎಂದು ತಡವರಿಸಿದರು. ಅಮ್ಮ ಫೋನ್ ತೆಗೆದುಕೊಂಡಳು.

ಮನೆಯಲ್ಲಿ ನಾವು ಮಾತಾಡುವುದು ತುಳು. ಅಮ್ಮನ ಕನ್ನಡ ಶಾಲೆಯಲ್ಲಿ ಕಲಿತದ್ದು, ಬ್ಯಾಂಕಿಗೆ ಹೋಗುವಾಗ ಮಾತ್ರ ಹೊರಗೆ ಬರುವಂಥದ್ದು. ಬೆಂಚಿನ ಮೇಲೆ ರಕ್ತ ಕೊಡಲು ಕಾದು ಕುಳಿತವರಲ್ಲಿ ಇಬ್ಬರು ನಮ್ಮ ಗುರುತಿನವರೇ ಇದ್ದರು. ಅಷ್ಟೂ ಜನರಿಗೆ ಕೇಳುವ ಹಾಗೆ ಅಮ್ಮ ಆ ಕನ್ನಡದಲ್ಲೇ ಹೇಳಿದಳು: "ನಾನು ಅವಳ ತಾಯಿ ಮಾತನಾಡುವುದು. ಇವರದು ತಪ್ಪಿಲ್ಲ, ಹೇಳಬೇಡಿ ಎಂದವಳು ನಾನು. ವೀಸಾ ಬರುವವರೆಗೆ ಯಾರಿಗೂ ಹೇಳದಿರುವುದು ನಮ್ಮಲ್ಲಿ ಉಂಟು. ನನ್ನ ಮಗಳು ಎರಡು ವರ್ಷ ಇಲ್ಲಿ ದುಡಿದಿದ್ದಾಳೆ, ದಿನಾ ಬುತ್ತಿ ಕಟ್ಟಿ ಕೊಟ್ಟವಳು ನಾನು. ಅವಳು ಹೋಗಬೇಕು ಎಂದು ನನಗೆ ತುಂಬಾ ಆಸೆ ಉಂಟು. ಕೈತಪ್ಪಿ ಹೋದರೆ ಎಂದು ಹೆದರಿಯೇ ಹಾಗೆ ಹೇಳಿದ್ದು."

ಆ ಹೆಂಗಸು ನಕ್ಕು, "ಹಾಜರಿ ಪುಸ್ತಕದ ಫೋಟೋ ಕಳಿಸಿ ಅಮ್ಮ, ನೋಡ್ತೀವಿ," ಎಂದಳು.

ಎಲ್ಲ ಸರಿಯಾಗಿ ವೀಸಾ ಬಂದದ್ದು ತಿಂಗಳ ಮೇಲೆ. ಆ ದಿನ ಹಿಂದಿರುಗುವ ಬಸ್ಸಿನಲ್ಲಿ ನಮಗೆ ಅದು ಗೊತ್ತಿರಲಿಲ್ಲ. ಆದರೂ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಕೆಲಸ ಸಿಗದಿದ್ದರೂ ಚಿಂತೆಯಿಲ್ಲ ಅನ್ನಿಸುತ್ತಿತ್ತು. ಬೆಳ್ಮಣ್ ದಾಟಿದ ಮೇಲೆ ಅಮ್ಮನನ್ನು ಕೇಳಿದೆ, "ಅಷ್ಟು ಆಸೆ ಇದ್ದದ್ದು ನನಗೆ ಯಾಕೆ ಹೇಳಲಿಲ್ಲ?"

"ನಿನಗೆ ಹೇಳಿ, ಕೆಲಸ ಆಗದಿದ್ದರೆ?" ಎಂದಳು ಅಮ್ಮ. "ನಿನ್ನ ಬೇಸರವೇ ನಿನಗೆ ಸಾಕಿತ್ತು. ನನ್ನದೂ ಯಾಕೆ?"