ಎಡಗೆನ್ನೆಯ ಫೋಟೋ

ಕಂಪ್ಯೂಟರ್ ಮುಂದೆ ಕೂತು ಊರವರ ಮೊಡವೆ ಅಳಿಸುವುದು ನನ್ನ ಉದ್ಯೋಗ. ಅತ್ತೆಯ ಸ್ಟುಡಿಯೋದಲ್ಲಿ ತಿಂಗಳ ಸಂಬಳಕ್ಕಿದ್ದೇನೆ. ಬೇರೆಲ್ಲೂ ಯಾರೂ ಸೇರಿಸಿಕೊಳ್ಳದ್ದಕ್ಕೇ ಇಲ್ಲಿದ್ದೇನೆ ಅನ್ನುವುದು ಅತ್ತೆಗೂ ಗೊತ್ತು, ನನಗೂ ಗೊತ್ತು.

ಅತ್ತೆ ಮೂವತ್ನಾಲ್ಕು ವರ್ಷದಿಂದ ಮುಖಗಳ ಫೋಟೋ ಮಾತ್ರ ತೆಗೆದವರು. ಶುರುವಿನಲ್ಲಿ ಬಂದವರೆಲ್ಲ ಬಾಗಿಲಲ್ಲೇ ನಿಂತು "ಫೋಟೋಗ್ರಾಫರ್ ಇಲ್ವೇನಮ್ಮಾ?" ಅನ್ನುತ್ತಿದ್ದರಂತೆ. ಅತ್ತೆಯದು ಒಂದೇ ಉತ್ತರ: "ಇದ್ದಾರೆ. ಗದ್ದ ಸ್ವಲ್ಪ ಮೇಲೆತ್ತಿ."

ಅವರ ಸ್ಟೂಲಿಗೆ ಒಂದು ಕಾಲು ಗಿಡ್ಡ. ಕೂತವರು ಬೀಳದಿರಬೇಕಾದರೆ ಎರಡೂ ಪಾದ ನೆಲಕ್ಕೂರಬೇಕು. ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೆಲಸಕ್ಕೆ ಸೇರಿದ ದಿನವೇ ಆ ಕಾಲಿನಡಿ ರಟ್ಟು ತುರುಕಿ ನಾನು ಬೈಸಿಕೊಂಡಿದ್ದೆ.

ಎದುರಿನ ಬಟ್ಟೆ ಗಿರಣಿಯವರು ಹೊಸ ಕಚೇರಿಯ ಗೋಡೆಗೆ ಅರವತ್ತು ಹಳೇ ಕೆಲಸಗಾರರ ಫೋಟೋ ಬೇಕೆಂದರು. ಎಲ್ಲರ ಕೈಗೂ ಮೊಬೈಲು ಬಂದಮೇಲೆ ನೊಣ ಹೊಡೆಯುತ್ತಿದ್ದ ನಮಗೆ ಹೋದ ಜೀವ ಬಂದಂತಾಯಿತು. ಈ ಕೆಲಸವೂ ಇಲ್ಲದಿದ್ದರೆ ಸ್ಟುಡಿಯೋಗೆ ಬೀಗವೇ.

ಮೊದಲು ಕೂತವರು ಬಣ್ಣದ ವಿಭಾಗದ ಅಕ್ಕ. ಅವರ ಎಡಗೆನ್ನೆಯ ಮೇಲೆ ಗಿರಣಿಯ ಉಗಿ ಸುಟ್ಟ ಕಲೆ. ಮುಖ ಎಷ್ಟು ತಿರುಗಿಸಿದರೂ ಅರ್ಧ ಕಾಣುತ್ತಿತ್ತು. ಫೋಟೋ ನೋಡಿದ ಮ್ಯಾನೇಜರು ನನಗೆ ಫೋನ್ ಮಾಡಿ, "ಆ ಕಲೆ ನಮ್ಮ ಗೋಡೆ ಮೇಲೆ ಬೇಡಪ್ಪ" ಎಂದರು. ಹತ್ತೇ ನಿಮಿಷದಲ್ಲಿ ಅಳಿಸಿದೆ. ಜಾಣತನ ಉಕ್ಕಿ ಹರಿದು, ಮೂಲ ಫೋಟೋದ ಮೇಲೇ ಸೇವ್ ಮಾಡಿದೆ.

ಅತ್ತೆ ಪರದೆಯತ್ತ ಬಗ್ಗಿದರು. "ಇದ್ಯಾರೋ?"

"ಅದೇ ಅಕ್ಕ."

"ಅವಳ ಕೆನ್ನೆ ಎಲ್ಲಿಟ್ಟಿದೀಯ? ವಾಪಸ್ ತಾ."

ತರಲು ಏನೂ ಉಳಿದಿರಲಿಲ್ಲ. ತಲೆ ತಗ್ಗಿಸಿಕೊಂಡು ಅಕ್ಕನ ಮನೆಗೆ ಹೋಗಿ, ಮಾಡಿದ ಘನಕಾರ್ಯ ಹೇಳಿ, ಮತ್ತೆ ಕರೆತಂದೆ. ಕಲೆಯಿಲ್ಲದ ಫೋಟೋವನ್ನು ಅವರು ತುಂಬ ಹೊತ್ತು ನೋಡಿದರು.

"ಚೆನ್ನಾಗಿದಾಳೆ. ಆದ್ರೆ ಗಿರಣಿಗೆ ಒಂದಿನಾನೂ ಹೋದೋಳ ಥರ ಇಲ್ಲ."

ಸ್ಟೂಲಿನ ಮೇಲೆ ಕೂತರು, ಪಾದ ಊರಿದರು, ಈ ಸಲ ಎಡಗೆನ್ನೆಯನ್ನು ತಾವಾಗಿಯೇ ಕಿಟಕಿಯ ಬೆಳಕಿಗೆ ಒಡ್ಡಿದರು. ಅತ್ತೆ ತೆಗೆದದ್ದು ಒಂದೇ ಫೋಟೋ.

ಕಲೆಯಿದ್ದ ಫೋಟೋವೇ ಮತ್ತೆ ಕೈಸೇರಿದ್ದಕ್ಕೆ ಮ್ಯಾನೇಜರು ಖುದ್ದಾಗಿ ಬಂದರು. "ಮೇಡಂ, ಒಂದು ಕಲೆಗೋಸ್ಕರ ಇನ್ನು ಐವತ್ತೊಂಬತ್ತು ಫೋಟೋ ಕಳ್ಕೋತೀರಾ?"

"ಕಲೆ ನಿಮ್ಮ ಗಿರಣೀದೇ ಅಲ್ವಾ? ಈಗ ಬೇಡ ಅಂದ್ರೆ ಹೇಗೆ?"

"ಹಾಗಾದ್ರೆ ಆರ್ಡರ್ ಕ್ಯಾನ್ಸಲ್."

"ಆಯ್ತು. ಕಿಟಕಿಗೆ ಅಡ್ಡ ನಿಂತಿದೀರಿ, ಸ್ವಲ್ಪ ಸರೀರಿ."

ನನ್ನ ಸಂಬಳ ಅವರ ಹಿಂದೆಯೇ ಮೆಟ್ಟಿಲಿಳಿದು ಹೋಯಿತು. ಅತ್ತೆ ಮಾತ್ರ ಆ ಫೋಟೋವನ್ನು ಬಾಗಿಲಷ್ಟೆತ್ತರ ಪ್ರಿಂಟು ಹಾಕಿಸಿ, ಗಿರಣಿಯ ಗೇಟಿಗೆ ಕಾಣುವಂತೆ ಗಾಜಿನ ಹಿಂದೆ ನಿಲ್ಲಿಸಿದರು.

ಮರುದಿನ ಪಾಳಿ ಬಿಟ್ಟಾಗ ಗೇಟಿನೆದುರು ಜನ ನಿಂತೇ ನಿಂತರು. ಕೊನೆಗೊಬ್ಬ ಮಗ್ಗದವನು ಒಳಗೆ ಬಂದ. "ನಂಗೆ ಎರಡು ಬೆರಳಿಲ್ಲಮ್ಮ. ಕೈ ಕಾಣೋ ಹಾಗೆ ತೆಗೀತೀರಾ? ದುಡ್ಡು ನಾನೇ ಕೊಡ್ತೀನಿ."

ಅವನ ಹಿಂದೆ ಇನ್ನೂ ನಾಲ್ಕು ಜನ. ಅತ್ತೆ ಸ್ಟೂಲು ತೋರಿಸಿ, ನನ್ನ ಕಡೆ ಒಮ್ಮೆ ನೋಡಿದರು.

ನಾನು ಕಂಪ್ಯೂಟರಿನ ವೈರನ್ನೇ ಕಿತ್ತಿಟ್ಟೆ.