ಬಿಡಬೇಕಾದ ಗೆರೆ

ಐರ್ಲೆಂಡಿನ ಮೇನೂತ್‌ನಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಹಳೆಯ ಚೀನೀ ನಿಘಂಟುಗಳ ಸಂಶೋಧಕಿ. ಯಾವ ಚೀನೀ ಪದದ ಬಗ್ಗೆ ಕೇಳಿದರೂ ಅದನ್ನು ಬರೆಯುವಂತೆ ಗಾಳಿಯಲ್ಲಿ ಬೆರಳಾಡಿಸಿ, "ಮೊದ್ಲು ಅಕ್ಷರದ ಗೆರೆ ಎಣ್ಸಪ್ಪ, ಆಮೇಲೇ ನಿಘಂಟಲ್ಲಿ ಸಿಗೋದು" ಎನ್ನುತ್ತಿದ್ದರು.

"ಆಗೆಲ್ಲ ಚೀನಾದಲ್ಲಿ ಚಕ್ರವರ್ತಿ ಹೆಸರನ್ನ ಪೂರ್ತಿ ಬರೆಯೋ ಹಾಗಿರ್ಲಿಲ್ಲ, ಮರ್ಯಾದೆಗೆ ಅಕ್ಷರದ ಕೊನೇ ಗೆರೆ ಬಿಡ್ಬೇಕಿತ್ತು. ಪೂರ್ತಿ ಅಚ್ಚು ಹಾಕ್ಸಿದ ನಿಘಂಟುಕಾರನ ತಲೆನೇ ಹೋಯ್ತು" ಎಂದಿದ್ದರೊಮ್ಮೆ.

"ನೀವೂ ಅಂಕಲ್ ಹೆಸರು ಹೇಳಲ್ವಲ್ಲ ಆಂಟಿ!" ಎಂದು ರೇಗಿಸಿದ್ದೆ. ನಕ್ಕರು. ಗಂಡನ ಹೆಸರು ಹೇಳಬೇಕಾದಾಗಲೆಲ್ಲ ಫೋನನ್ನು ನನ್ನ ಕೈಗೇ ಕೊಡುತ್ತಿದ್ದರು.

ಕೋವಿಡ್ ಬಂದು ಅಂಕಲ್ ಆಸ್ಪತ್ರೆ ಸೇರಿದರು. ಆಂಟಿ ವಾರ್ಡಿಗೆ ಫೋನ್ ಮಾಡಿದಾಗ ನರ್ಸ್ ರೋಗಿಯ ಹೆಸರು ಕೇಳಿದಳು. ಬೇಲಿಯಾಚೆ ನಿಂತಿದ್ದ ನನ್ನತ್ತ ಫೋನ್ ಚಾಚಿದವರು, ಅಂತರ ನೆನಪಾಗಿ ಕೈ ಹಿಂದೆಗೆದುಕೊಂಡರು. ಬೆರಳು ಗಾಳಿಯಲ್ಲಿ ಒಮ್ಮೆ ಆಡಿತು. ಆಮೇಲೆ ಮಾವನ ಹೆಸರು, ಊರಿನ ಹೆಸರು ಸೇರಿಸಿ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿದರು.

ಒಂದು ಗೆರೆಯನ್ನೂ ಬಿಡಲಿಲ್ಲ.