ನೀರು ಬರುವ ದಿನದ ಅಳು

ಹೋದ ತಿಂಗಳು ಒಂದು ಮಧ್ಯಾಹ್ನ ಹೈದರಾಬಾದಿನ ಉಪ್ಪಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ಯಾಂಕು ತೊಳೆಯಲೆಂದು ನೀರು ನಿಲ್ಲಿಸಿದ್ದರು. ನಾನು ಹಾಲ್‌ನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದೆ. ಬಚ್ಚಲಿನ ಬಾಗಿಲು ಹಾಕಿಕೊಂಡ ಸದ್ದಾಯಿತು, ಆಮೇಲೆ ನಳ ತಿರುಗಿಸಿದ ಸದ್ದು. ನೀರು ಬರಲಿಲ್ಲ. ಸುಂಯ್ ಎಂದು ಗಾಳಿ ಹೊರಟು, ಗೊರಗೊರ ಕೆಮ್ಮಿ, ಮತ್ತೆ ಸುಂಯ್ ಎಂದಿತು. ಒಳಗಿದ್ದವಳು ನನ್ನ ಅವ್ವ. ಅಪ್ಪ ತೀರಿಕೊಂಡು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ನಡುಮಧ್ಯಾಹ್ನ ಅವಳು ಬಾಗಿಲು ಹಾಕಿಕೊಂಡು ನಳ ಬಿಟ್ಟರೆ ಅದರ ಅರ್ಥವೇನೆಂದು ನನಗೆ ಗೊತ್ತು. ನಿಮಗೂ ಗೊತ್ತಾಗಬೇಕಾದರೆ ಬಾಲಾನಗರದ ನಮ್ಮ ಹಳೆಯ ಮನೆಗೆ ಕರೆದುಕೊಂಡು ಹೋಗಬೇಕು. ಆ ಮನೆ ಈಗ ಇಲ್ಲ, ಆದರೂ ಬನ್ನಿ.

ಮನೆ ಅಂದರೆ ಪೋರ್ಷನ್ನು. ಹೈದರಾಬಾದಿನಲ್ಲಿ ಒಂದೇ ಕಟ್ಟಡಕ್ಕೆ ನಡುನಡುವೆ ಗೋಡೆ ಹಾಕಿ ನಾಲ್ಕಾರು ಸಂಸಾರಗಳಿಗೆ ಬಾಡಿಗೆ ಕೊಟ್ಟರೆ ಒಂದೊಂದು ತುಂಡಿಗೂ ಆ ಹೆಸರು. ನಮ್ಮದರಲ್ಲಿ ಎರಡು ಕೋಣೆ, ಒಂದು ಕಿಷ್ಕಿಂಧೆಯಂಥ ಬಚ್ಚಲು. ಅಪ್ಪ ಅಲ್ಲೇ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಮಿಷನ್ ನಡೆಸುತ್ತಿದ್ದ. ಕೆಲಸ ಮುಗಿಸಿ ಬಂದರೆ ಅವನಿಗಿಂತ ಮೊದಲು ಅವನ ಅಂಗಿಯ ಎಣ್ಣೆ ವಾಸನೆ ಒಳಗೆ ಬರುತ್ತಿತ್ತು. ಪ್ಯಾಂಟಿನ ಮಡಿಕೆಯಲ್ಲಿ ಕಬ್ಬಿಣದ ಸುರುಳಿ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು, ಅವನ್ನು ಆರಿಸುವುದೇ ನನಗೆ ಆಟ. ಶನಿವಾರ ಇರಾನಿ ಹೋಟೆಲಿನಿಂದ ಬಿಸ್ಕತ್ತಿನ ಪೊಟ್ಟಣ ತರುತ್ತಿದ್ದ. ಅವ್ವ ರೊಟ್ಟಿ ಬಡಿಯುವ ಸದ್ದು, ಗೋಡೆಯಾಚೆಯಿಂದ ಪಕ್ಕದ ಪೋರ್ಷನ್ನಿನ ಲಕ್ಷ್ಮಿ ಆಂಟಿಯ ತೆಲುಗು, ಮೇಲಿನಿಂದ ಮನೆ ಮಾಲೀಕನ ದಖನಿ, ಇವೆಲ್ಲ ಸೇರಿದರೆ ನಮ್ಮ ಸಂಜೆ. ಇದೆಲ್ಲ ನನಗೆ ಈಗಲೂ ಪ್ರಿಯ. ಪ್ರಿಯವಾದದ್ದರ ಮೇಲೆ ದೂರು ಹೇಳಬಾರದು ಎಂಬ ನೇಮವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಬಾಲವಾಡಿಗೆ ಹೋಗುತ್ತಿದ್ದ ಕಾಲ. ಸಿಂದಗಿ ಕಡೆಯ ಹಳ್ಳಿಯಲ್ಲಿ ಅವ್ವನ ತಾಯಿ ತೀರಿಕೊಂಡ ಸುದ್ದಿ ಒಂದು ಬೆಳಗ್ಗೆ ಮನೆ ಮಾಲೀಕನ ಫೋನಿಗೆ ಬಂತು. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತು, ತನ್ನೂರಿನ ಹೆಂಗಸರು ಅಳುವ ಹಾಗೆ ಅತ್ತಳು. ಅಂದರೆ ಹಾಡಿಕೊಂಡು. ಸತ್ತವರನ್ನು ಕರೆದು ಕರೆದು, ಅವರು ಉಣಿಸಿದ್ದು, ಉಡಿಸಿದ್ದು, ಬೈದದ್ದು ಎಲ್ಲವನ್ನೂ ರಾಗದಲ್ಲಿ ಹೇಳುತ್ತ ಎದೆ ಹಗುರ ಮಾಡಿಕೊಳ್ಳುವ ಪದ್ಧತಿ ಅದು. ಹಳ್ಳಿಯಲ್ಲಾಗಿದ್ದರೆ ನಾಲ್ಕು ಹೆಂಗಸರು ಬಂದು ದನಿಗೂಡಿಸುತ್ತಿದ್ದರು. ಇಲ್ಲಿ ಎಲ್ಲ ಪೋರ್ಷನ್ನುಗಳ ಬಾಗಿಲು ತೆರೆದವು, ಹುಡುಗರು ಕಿಸಕ್ಕೆಂದರು. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಗೇಟಿನೊಳಗೆ ಕಾಲಿಟ್ಟಿದ್ದ ಅಪ್ಪನನ್ನು ಮಾಲೀಕ ಮೇಲಿನಿಂದ ಬಗ್ಗಿ, "ಕ್ಯಾ ಮಿಯಾ, ಗಾ ರಹೇ ಕಿ ರೋ ರಹೇ?" ಎಂದು ಕೇಳಿದ. ಹಾಡುವುದೋ ಅಳುವುದೋ ಎಂದು. ಆಗಿನ ಅಪ್ಪನ ಮುಖ ನನಗೆ ನೆನಪಿದೆ. ಅವ್ವನ ರಟ್ಟೆ ಹಿಡಿದು ಎಬ್ಬಿಸಿ ಬಚ್ಚಲಿಗೆ ಕರೆದುಕೊಂಡು ಹೋದ. ಅವತ್ತು ನೀರು ಬಂದಿತ್ತು, ನಳ ಪೂರ್ತಿ ತಿರುಗಿಸಿದ. "ಅಳೂದಾದ್ರ ಇಲ್ಲಿ ಅಳು. ನಳ ಬಿಟ್ಕೊಂಡು ಅಳು. ಮಂದಿ ಮುಂದ ಮರ್ಯಾದಿ ಕಳೀಬ್ಯಾಡ" ಎಂದ. ಕೂಗಲಿಲ್ಲ, ಹೊಡೆಯಲಿಲ್ಲ. ಅಂದಿನಿಂದ ನಮ್ಮ ಮನೆಯ ಕಾನೂನು ಅದೇ ಆಯಿತು.

ಆದರೆ ಬಾಲಾನಗರದಲ್ಲಿ ನೀರು ಬರುತ್ತಿದ್ದದ್ದು ದಿನ ಬಿಟ್ಟು ದಿನ, ಅದೂ ಬೆಳಗ್ಗೆ ಸ್ವಲ್ಪ ಹೊತ್ತು. ಹಾಗಾಗಿ ನಮ್ಮ ಮನೆಯಲ್ಲಿ ಅಳುವೂ ದಿನ ಬಿಟ್ಟು ದಿನ. ನಗಬೇಡಿ. ಅಥವಾ ನಗಿ, ನಾನೂ ನಗುತ್ತೇನೆ. ಮಂಗಳವಾರ ಶಾಲೆಯಲ್ಲಿ ಪೆಟ್ಟು ತಿಂದರೆ ಬುಧವಾರ ಬೆಳಗ್ಗೆ ಅಳಬೇಕು. ನನ್ನ ತುಟಿ ನಡುಗಿದ್ದು ಕಂಡರೆ ಅವ್ವ ಮೆಲ್ಲಗೆ, "ನಾಳೆ ನೀರು ಬರ್ತಾವ, ತಡ್ಕೋ" ಎನ್ನುತ್ತಿದ್ದಳು. ತಡೆದುಕೊಂಡು ತಡೆದುಕೊಂಡು, ನೀರು ಬರುವ ಹೊತ್ತಿಗೆ ಯಾಕೆ ಅಳಬೇಕಿತ್ತೆಂಬುದೇ ಮರೆತುಹೋಗಿ ಬರೀ ಹೊಟ್ಟೆ ನೋಯುತ್ತಿತ್ತು. ಆ ಹೊಟ್ಟೆನೋವಿಗೆ ಅಜವಾನ ತಿನ್ನಿಸಿದರು, ದೃಷ್ಟಿ ತೆಗೆದರು, ಜಂತಿನ ಔಷಧಿ ಕುಡಿಸಿದರು. ಬಂದವರೆಲ್ಲ, "ಎಷ್ಟ ಶಾಣ್ಯಾ ಹುಡುಗಿರಿ, ದನೀನ ಇಲ್ಲ" ಎಂದು ಹೊಗಳಿದರು. ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಯಾರಿಂದ ಮುಚ್ಚಿಡಲು ಇಷ್ಟೆಲ್ಲ ಮಾಡಿದೆವೋ ಅವರಿಗೆಲ್ಲ ಅದು ಗೊತ್ತಿತ್ತು. ಬಚ್ಚಲಿನ ಗೋಡೆಯ ಆಚೆಗೇ ಲಕ್ಷ್ಮಿ ಆಂಟಿಯ ಅಡುಗೆಮನೆ. ನಳ ಹೆಚ್ಚು ಹೊತ್ತು ಓಡಿದ ದಿನ ಅವರು ಏನೂ ಕೇಳದೆ ಒಂದು ಬಟ್ಟಲು ಪುಳಿಹೋರ ತಂದು ನನ್ನ ಕೈಗಿಟ್ಟು ಹೋಗುತ್ತಿದ್ದರು. ಆ ಸದ್ದಿನಲ್ಲಿ ಒಬ್ಬರ ಅಳು ಒಬ್ಬರಿಗೆ ಕೇಳದೆ ಹೋದದ್ದು ನಮ್ಮ ಮೂವರಿಗೇ.

ಅಪ್ಪನೂ ಆ ಕಾನೂನಿಗೆ ಹೊರತಲ್ಲ ಎಂದು ತಿಳಿದದ್ದು ನಾನು ಹತ್ತನೆಯ ತರಗತಿಯಲ್ಲಿದ್ದಾಗ. ಊರಿನ ಆಚೆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು, ಎಲ್ಲರ ಬಾಯಲ್ಲೂ ಸಾಫ್ಟ್‌ವೇರ್, ಜಾಗಕ್ಕೆ ಚಿನ್ನದ ಬೆಲೆ. ಕಾರ್ಖಾನೆಯ ಯಜಮಾನ ಜಾಗ ಮಾರಿ, ಮಿಷನ್ನುಗಳನ್ನು ಗುಜರಿಗೆ ಹಾಕಿದ. ಅಪ್ಪ ಮಧ್ಯಾಹ್ನವೇ ಮನೆಗೆ ಬಂದ, ನಮ್ಮಿಬ್ಬರನ್ನೂ ನೋಡದೆ ಬಚ್ಚಲಿಗೆ ಹೋಗಿ ಅಗಳಿ ಹಾಕಿಕೊಂಡ. ನಳ ತಿರುಗಿಸಿದ. ಅದು ನೀರು ಬರುವ ದಿನವಲ್ಲ. ಸುಂಯ್ ಎಂದು ಬರೀ ಗಾಳಿ. ಅವ್ವ ಒಲೆಯ ಮುಂದೆ, ನಾನು ಪುಸ್ತಕದ ಮುಂದೆ, ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಹೊರಗೆ ಬಂದ. ಕಣ್ಣು ಒಣಗಿದ್ದವು. "ಸುನಂದಾನ್ನ ನಾರಾಯಣಗೂಡದ ಕೋಚಿಂಗಿಗೆ ಹಚ್ಚೂಣು. ಕಂಪ್ಯೂಟರ್ ಓದ್ಲಿ" ಎಂದು ಅವ್ವನಿಗೆ ಹೇಳಿದ, ಅಷ್ಟೇ. ಅವತ್ತು ಅವನು ಅತ್ತಿದ್ದರೆ ನಾನು ಓಡಿಹೋಗಿ ಅವನನ್ನು ತಬ್ಬಿಕೊಳ್ಳುತ್ತಿದ್ದೆ. ಅಳಲಿಲ್ಲವಾದ್ದರಿಂದ ಕೋಚಿಂಗಿಗೆ ಹೋದೆ. ಅವನು ಅಳದೆ ಬಿಟ್ಟದ್ದನ್ನು ಪುಸ್ತಕದ ಚೀಲದ ಜೊತೆಗೆ ಹೊತ್ತುಕೊಂಡು ಬಸ್ಸು ಹತ್ತಿದೆ.

ಎಂಜಿನಿಯರ್ ಆದೆ, ಗಾಜಿನ ಕಟ್ಟಡದೊಳಗೂ ಹೋದೆ. ಅಲ್ಲಿನ ನಳಗಳು ಕೈ ಒಡ್ಡಿದರೆ ಮಾತ್ರ ನೀರು ಬಿಡುವಂಥವು. ಮ್ಯಾನೇಜರ್ ಎಲ್ಲರೆದುರು ಹೀಯಾಳಿಸಿದ ದಿನ ಒಂದು ಕೈಯನ್ನು ನಳದ ಕೆಳಗೆ ಹಿಡಿದು, ಇನ್ನೊಂದರಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದೆ. ಸುನಂದಾ ಯಾವುದಕ್ಕೂ ಅಲುಗಾಡುವುದಿಲ್ಲ ಎಂದು ಹೆಸರು ಬಂತು, ಬಡ್ತಿಯೂ ಬಂತು, ಜೊತೆಗೆ ಎದೆ ಡವಡವ ಮತ್ತು ನಿದ್ದೆಗೇಡು. ಆಮೇಲೆ ಮಗಳು ಚಿನ್ಮಯಿ ಹುಟ್ಟಿದಳು. ನಡೆಯಲು ಕಲಿತ ಹೊಸದರಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಕಿರುಚಿದಾಗ ನಾನು ಅವಳನ್ನು ಎತ್ತಿಕೊಂಡು ಓಡಿದ್ದು ಬಚ್ಚಲಿಗೆ, ಗಾಯ ನೋಡುವುದಕ್ಕೂ ಮೊದಲು ತಿರುಗಿಸಿದ್ದು ನಳ. ಮಗು ನನ್ನ ಮುಖ ನೋಡಿ ತಟ್ಟನೆ ಸುಮ್ಮನಾಯಿತು. ಆ ಸುಮ್ಮನಾಗುವಿಕೆಯನ್ನು ನಾನು ಬಲ್ಲೆ. ಮರುದಿನವೇ ಮನೋವೈದ್ಯೆಯ ಬಳಿ ಹೋದೆ. ಕೊನೆಯ ಸಲ ಯಾರೆದುರಾದರೂ ಅತ್ತದ್ದು ಯಾವಾಗ ಎಂದು ಅವರು ಕೇಳಿದರೆ ನಾನು ಬಾಲವಾಡಿಯ ದಿನಗಳ ತನಕ ಹಿಂದಕ್ಕೆ ಎಣಿಸುತ್ತ ಹೋದೆ. ಸುಧಾರಿಸಿಕೊಳ್ಳಲು ವರ್ಷಗಳೇ ಹಿಡಿದವು. ಬಂಧುಗಳು ಈಗಲೂ ಕೇಳುತ್ತಾರೆ, "ನಾವೂ ಹಂಗ ಬೆಳದೀವಲ್ಲ, ನಮಗೇನಾಗೇತಿ?" ಏನಾಗಿದೆ ಎಂದು ನಾನು ಹೇಳಬಲ್ಲೆ. ಸಿಟ್ಟು ಬಂದರೆ ಉಣ್ಣುವ ತಟ್ಟೆ ಎಸೆಯುವ ಮಾವಂದಿರು, ತಲೆನೋವೆಂದು ಹಾಡಹಗಲೇ ಮುಸುಕು ಹೊದ್ದು ಮಲಗುವ ಅತ್ತೆಯರು, ಅದು ಆಗಿದೆ. ಅಪ್ಪ ಕೆಟ್ಟವನಲ್ಲ. ಕೆಟ್ಟವನಲ್ಲದ ಅಪ್ಪನೂ ಮಗಳ ಗಂಟಲಿಗೆ ಬಿರಡೆ ಹಾಕಬಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಹೇಳು ಎಂದರೆ ನಾನು ಹೇಳುವುದಿಲ್ಲ. ಈ ನಳ ನನ್ನ ಮಗಳ ತನಕ ಬರಬಾರದು, ನನ್ನ ಹಟ ಅದೊಂದೇ.

ಅಪ್ಪ ಹೋದಾಗ ಅವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ. "ಭಾಳ ಗಟ್ಟಿ ಹೆಣ್ಣಮಗಳರಿ" ಎಂದು ಬಂದವರು ಮೆಚ್ಚಿಕೊಂಡರು. ಅವಳನ್ನು ಉಪ್ಪಲ್‌ಗೆ ಕರೆತಂದೆವು. ಇಲ್ಲಿಗೆ ಬಂದಮೇಲೂ ಅವಳ ಕಣ್ಣು ಒದ್ದೆಯಾದದ್ದು ನಾನು ಕಾಣಲಿಲ್ಲ. ಕಡೆಗೆ ಆ ಮಧ್ಯಾಹ್ನ ಖಾಲಿ ನಳ ಸುಂಯ್ ಎಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಅಪ್ಪನ ಒಣ ಕಣ್ಣು. ಆಗಷ್ಟೇ ಶಾಲೆಯಿಂದ ಬಂದ ಚಿನ್ಮಯಿ ಬಚ್ಚಲ ಬಾಗಿಲಿಗೆ ಕಿವಿಗೊಟ್ಟು ನಿಂತಿದ್ದಳು. "ಅಮ್ಮಾ, ನೀರ ಇಲ್ಲ. ಅಜ್ಜಿ ಒಳಗ ಏನ್ ಮಾಡಾಕತ್ತಾಳ?" ಎಂದು ಪಿಸುಗುಟ್ಟಿದಳು. ಮತ್ತೊಂದು ಹುಡುಗಿ ಆ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ನನ್ನಿಂದ ನೋಡಲಾಗಲಿಲ್ಲ. ಬಾಗಿಲು ತಟ್ಟಿದೆ. ಅವ್ವ ಅಗಳಿ ತೆಗೆದಳು. ಒಳಗೆ ಹೋಗಿ ನಳ ಬಂದ್ ಮಾಡಿದೆ.

"ಹೊರಗ ಬಾ ಅವ್ವಾ. ಹಾಲ್‌ನ್ಯಾಗ ಕೂತು ಅಳು."

"ಹುಚ್ಚಿ ಏನ ನೀ? ಮಂದಿ ಕೇಳ್ತಾರ."

"ಕೇಳ್ಲಿ. ಕೇಳ್ಲಿ ಅಂತನ ಅಳು."

ಅವಳು ಹೊರಗೆ ಬಂದು ಸೋಫಾ ಬಿಟ್ಟು ನೆಲದ ಮೇಲೆ ಕೂತಳು. ಮೊದಲು ಬರೀ ಉಸಿರು ಬಂತು, ಖಾಲಿ ನಳದ ಹಾಗೆ. ನಂತರ ರಾಗ ಬಂತು. ಹೊಸ್ತಿಲ ಮೇಲೆ ಕೇಳಿದ್ದ ಅದೇ ರಾಗ, ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದಳೋ. ಎಣ್ಣೆ ಅಂಗಿ, ಗುಜರಿಗೆ ಹೋದ ಮಿಷನ್ನು, ಶನಿವಾರದ ಬಿಸ್ಕತ್ತು ಎಲ್ಲ ಅದರಲ್ಲಿ ಬಂದವು. ಚಿನ್ಮಯಿ ಅಜ್ಜಿಯ ತೊಡೆಗೆ ಒರಗಿ ತಾನೂ ಅತ್ತಳು, ಯಾಕೆಂದು ಯಾರೂ ಕೇಳಲಿಲ್ಲ. ಕರೆಗಂಟೆಯ ಸದ್ದಾಯಿತು, ಬಾಗಿಲು ತೆರೆದೆ. ಎದುರು ಮನೆಯ ಹೆಂಗಸು ಗಾಬರಿಯಿಂದ, "ಏಮೈಂದಂಡಿ?" ಎಂದರು, ಏನಾಯಿತೆಂದು. "ಮಾ ಅಮ್ಮ ಏಡುಸ್ತೋಂದಿ" ಎಂದೆ, ನಮ್ಮಮ್ಮ ಅಳುತ್ತಿದ್ದಾಳೆ ಎಂದು. ಬೇರೇನೂ ಸೇರಿಸಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ನನ್ನ ಬೆನ್ನ ಹಿಂದೆ ಅವ್ವ, ಗಂಡ ಬದುಕಿದ್ದಾಗ ಒಂದು ದಿನವೂ 'ರೀ' ಬಿಟ್ಟು ಮಾತಾಡದವಳು, ಅವನನ್ನು ಏಕವಚನದಲ್ಲಿ ಕರೆದು ಹಾಡುತ್ತಿದ್ದಳು. "ಅಳಬ್ಯಾಡಂದಿ ನನ್ನ ರಾಜಾ, ಅಳಾಕತ್ತೀನಿ ನೋಡ ಬಾ. ನಳಾನೂ ಬಿಟ್ಟಿಲ್ಲ, ಕೇಳ ಬಾ. ನಿಂದೂ ಸೇರಿಸಿ ಅಳಾಕತ್ತೀನಿ, ಕೇಳ ಬಾ."